ಮೋಟಾರಿನ ಮೈಗೀರು: ನಿದಾನವೂ ನಿಧಾನವೂ

ಗೃಹಸ್ಥರ ಮನೆಯಲ್ಲಿ ಮೋಟಾರು ಇಂದು ವಿಲಾಸದ ವಸ್ತುವಾಗಿ ಉಳಿದಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲಿ ತಿಂಗಳ ಕಂತು ಕಟ್ಟುತ್ತ ಗಾಡಿಯಿಟ್ಟುಕೊಂಡ ಮನೆಗಳು ಎಷ್ಟೋ ಉಂಟು. ಅದರ ಮೈಮೇಲೆ ಗೀರು ಬಿದ್ದರೆ ಮನೆಯವರ ಮನಸ್ಸಿನ ಮೇಲೂ ಒಂದು ಗೀರು ಬೀಳುವುದು ಸಹಜ. ಇದನ್ನು ಮನೆಯಲ್ಲಿಯೇ ಸರಿಪಡಿಸಬಹುದೇ ಎಂದರೆ, ಬಹುಮಟ್ಟಿಗೆ ಸರಿಪಡಿಸಬಹುದು. ಆದರೆ ಯಾವುದನ್ನು ಮುಟ್ಟಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕವು ಕೈಗೆಲಸಕ್ಕಿಂತ ಮೊದಲು ಬೇಕು. ರೋಗದ ಮೂಲವನ್ನು ಅರಿಯುವುದಕ್ಕೆ ವೈದ್ಯರು ನಿದಾನವೆನ್ನುವರು. ಅವಸರಪಡದಿರುವುದಕ್ಕೆ ನಾವು ಆಡುಮಾತಿನಲ್ಲಿ ನಿಧಾನವೆನ್ನುವೆವು. ಈ ಕೆಲಸಕ್ಕೆ ಅಲ್ಪಪ್ರಾಣದ ದಕಾರವೂ ಬೇಕು, ಮಹಾಪ್ರಾಣದ ಧಕಾರವೂ ಬೇಕು.

ಮೊದಲು ಗೀರುಗಳ ಮೂಲವನ್ನು ನೋಡೋಣ. ನಮ್ಮದು ಸುಣ್ಣಕಲ್ಲಿನ ಸೀಮೆ. ಶಹಾಬಾದದ ಫರಸಿಯು ದೂರದೂರದ ಮನೆಗಳಿಗೂ ನೆಲಹಾಸಾಗಿದೆ. ವಾಡಿ, ಸೇಡಂ, ಮಳಖೇಡಗಳಲ್ಲಿಯೂ ಚಿಂಚೋಳಿಯ ಸೀಮೆಯಲ್ಲಿಯೂ ಸಿಮೆಂಟಿನ ಕಾರ್ಖಾನೆಗಳಿವೆ. ಗಣಿಯ ಧೂಳು, ಲಾರಿಯ ಧೂಳು, ರಸ್ತೆಯ ಮರಳು ಇವೆಲ್ಲ ಬೆಳಗಾಗುವುದರೊಳಗೆ ಗಾಡಿಯ ಮೇಲೆ ಕಂಬಳಿಯಂತೆ ಹೊದ್ದಿರುತ್ತವೆ. ಸುಣ್ಣಕಲ್ಲಿನ ಪುಡಿ ಮೆದುವೇ ಸರಿ. ಅದರೊಡನೆ ಬೆರೆತ ಮರಳಿನ ಕಣವಾದರೋ ಗಾಜನ್ನು ಸಹ ಗೀರಬಲ್ಲದು. ಮುಂಜಾನೆ ಎದ್ದು ಇದರ ಮೇಲೆ ಒಣಬಟ್ಟೆಯನ್ನು ಎಳೆದೆವೆಂದರೆ, ಆ ಬಟ್ಟೆಯೇ ಉಪ್ಪುಕಾಗದವಾಗುವುದು. ಹೀಗೆ ಗಾಡಿಯ ಮೇಲಿನ ಸಣ್ಣ ಗೀರುಗಳಲ್ಲಿ ಬಹುಭಾಗವು ಜಾಲಿಮುಳ್ಳಿನದೂ ಅಲ್ಲ, ಎತ್ತಿನ ಕೊಂಬಿನದೂ ಅಲ್ಲ; ನಮ್ಮ ಕೈಯ ಶ್ರದ್ಧೆಯ ಫಲವೇ ಆಗಿದೆ.

ಇನ್ನು ಗಾಡಿಯ ಬಣ್ಣವೆಂಬುದು ಒಂದೇ ಪದರವಲ್ಲ. ತಗಡಿನ ಮೇಲೆ ತುಕ್ಕನ್ನು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಅನಂತರ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಪಾರದರ್ಶಕ ಲೇಪ. ನಾಲ್ಕೂ ಕೂಡಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅಂದರೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿಗಿಂತ ತುಸು ಹೆಚ್ಚು. ಮೇಲಿನ ಪಾರದರ್ಶಕ ಲೇಪವು ಸುಮಾರು 40–50 ಮೈಕ್ರಾನ್ ಮಾತ್ರ, ತಲೆಗೂದಲಿಗಿಂತ ತೆಳು. ಬಿಸಿಲಿನ ಉಗ್ರಕಿರಣಗಳಿಂದ ಬಣ್ಣವನ್ನು ಕಾಯುವುದು ಇದೇ. ಪಾಲಿಶ್ ಮಾಡುವುದೆಂದರೆ ಗೀರನ್ನು ತುಂಬುವುದಲ್ಲ, ಅದರ ಸುತ್ತಲಿನ ಲೇಪವನ್ನು ಸವೆಸಿ ಸಮಗೊಳಿಸುವುದು. ಸವೆದುಹೋದದ್ದು ಮತ್ತೆ ಬರುವುದಿಲ್ಲ.

ಆದುದರಿಂದ ನಿದಾನಕ್ಕೆ ಬರೋಣ. ಗಾಡಿಯ ಮೇಲೆ ಧಾರಾಳವಾಗಿ ನೀರು ಸುರಿದು ಧೂಳನ್ನು ಹರಿಯಬಿಡಬೇಕು. ಬಳಿಕ ಗಾಡಿಗೆಂದೇ ಮಾಡಿದ ಸಾಬೂನಿನ ನೀರಿನಿಂದ ಮೇಲಿನಿಂದ ಕೆಳಕ್ಕೆ ತೊಳೆಯಬೇಕು. ಗೀರು ಒದ್ದೆಯಾದಾಗ ಮಾಯವಾಗಿ, ಒಣಗಿದಾಗ ಮತ್ತೆ ಕಂಡರೆ ಅದು ಮೇಲಿನ ಲೇಪದಲ್ಲಿಯೇ ಇದೆಯೆಂದು ತಿಳಿಯಿರಿ. ಉಗುರನ್ನು ಅಡ್ಡಲಾಗಿ ಆಡಿಸಿ; ಉಗುರು ಸಿಕ್ಕಿಕೊಳ್ಳದಿದ್ದರೆ ಗಾಯ ಮೇಲಿನದು. ಸಿಕ್ಕಿಕೊಂಡು, ಒಳಗೆ ಬೂದುಬಣ್ಣವೋ ಲೋಹದ ಹೊಳಪೋ ಕಂಡರೆ ಗಾಯ ಆಳವಾದುದು. ಸಿಮೆಂಟಿನ ಪುಡಿ ಇಬ್ಬನಿಯಲ್ಲಿ ನೆನೆದು ಚುಕ್ಕೆಯಾಗಿ ಗಟ್ಟಿಯಾಗಿದ್ದರೆ ಅದನ್ನು ಕೆರೆಯಕೂಡದು. ಬಿಳಿ ವಿನಿಗರಿಗೆ ಸಮಭಾಗ ನೀರು ಬೆರೆಸಿ, ಬಟ್ಟೆ ಅದ್ದಿ, ಕೆಲವು ನಿಮಿಷ ಅದರ ಮೇಲಿಟ್ಟರೆ ಮೆತ್ತಗಾಗುವುದು. ಕೂಡಲೆ ಬಹಳ ನೀರಿನಿಂದ ತೊಳೆಯತಕ್ಕದ್ದು.

ಮೇಲಿನ ಗೀರಿಗೆ ಚಿಕಿತ್ಸೆ ಅಲ್ಪ. ಮೆತ್ತನೆಯ ಸ್ಪಂಜಿನ ಮೇಲೆ ಕಡಲೆಕಾಳಿನಷ್ಟು ಪಾಲಿಶಿಂಗ್ ಕಾಂಪೌಂಡ್ ಹಚ್ಚಿ, ಅಂಗೈಯಗಲದ ಜಾಗದಲ್ಲಿ ಹಗುರಾಗಿ ತಿಕ್ಕಿ, ಒರಸಿ ನೋಡಿ. ಅರ್ಧ ಮಾಸಿದರೆ ಅಷ್ಟಕ್ಕೇ ತೃಪ್ತರಾಗುವುದು ಲೇಸು. ಕೊನೆಗೆ ಮೇಣ ಹಚ್ಚಬಹುದು. ಹಲ್ಲಿನ ಪೇಸ್ಟು ಹಚ್ಚುವವರುಂಟು. ಅದೂ ಒಂದು ತಿಕ್ಕುಪುಡಿಯೇ, ಆದರೆ ಹಲ್ಲಿಗಾಗಿ ಮಾಡಿದುದು. ಕೊಬ್ಬರಿಎಣ್ಣೆಯು ಗೀರನ್ನು ಮರೆಸುವುದೇ ಹೊರತು ಮಾಯಿಸುವುದಿಲ್ಲ.

ಆಳದ ಗಾಯದ ಮಾತು ಬೇರೆ. ನಮ್ಮ ಪರಿಚಯದ ಗೃಹಸ್ಥರೊಬ್ಬರು ಬಾಗಿಲುದ್ದಕ್ಕೂ ಇದ್ದ ಒಂದು ತೆಳುಗೀರನ್ನು ಪ್ರತಿ ಆದಿತ್ಯವಾರವೂ ತಿಕ್ಕಿದರು. ವರ್ಷದೊಳಗೆ ಗೀರೂ ಹೋಯಿತು, ಅದರೊಡನೆ ಲೇಪವೂ ಹೋಗಿ ಬಾಗಿಲು ಮಂಕಾಯಿತು. ಇತ್ತ ಕಲ್ಲಿನ ಲಾರಿಯಿಂದ ಸಿಡಿದ ಚೂರು ಬಾನೆಟ್ಟಿನ ಅಂಚಿನಲ್ಲಿ ಮಾಡಿದ್ದ ಎಳ್ಳಿನಷ್ಟು ಚುಕ್ಕೆಯನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ. ಎರಡು ಮಳೆಗಾಲ ಕಳೆಯುವುದರೊಳಗೆ ತುಕ್ಕು ಬಣ್ಣದಡಿಯಲ್ಲಿ ಹಬ್ಬಿ, ರೂಪಾಯಿ ಬಿಲ್ಲೆಯಷ್ಟು ಜಾಗ ಉಬ್ಬಿ ಎದ್ದಿತು. ಕಣ್ಣಿಗೆ ದೊಡ್ಡದಾದುದು ಸಾಧುವಾಗಿತ್ತು, ಚಿಕ್ಕದು ವೈರಿಯಾಗಿತ್ತು.

ಇಂಥ ಚುಕ್ಕೆಯನ್ನು ಕಂಡೊಡನೆ ನೋಡಿಕೊಳ್ಳಬೇಕು. ತುಕ್ಕಿದ್ದರೆ ನಯವಾದ ಉಪ್ಪುಕಾಗದದ ಚೂರಿನಿಂದ ಅಷ್ಟನ್ನೇ ಕೆರೆದು, ಸ್ಪಿರಿಟ್ಟಿನಿಂದ ಒರಸಿ, ಒಣಗಿಸಿ. ತಗಡು ಕಂಡಲ್ಲಿ ಮೊದಲು ಪ್ರೈಮರ್. ಅದು ಆರಿದ ಮೇಲೆ ಟಚ್‌ಅಪ್ ಬಣ್ಣ. ಸೀಸೆಯೊಡನೆ ಬರುವ ಕುಂಚ ದಪ್ಪನೆಯದು; ಹಲ್ಲುಕಡ್ಡಿಯ ತುದಿಯಿಂದ ಗಾಯದೊಳಕ್ಕೆ ಮಾತ್ರ ತೊಟ್ಟಿಕ್ಕಿಸುವುದು ಮೇಲು. ದಪ್ಪನೆಯ ಒಂದು ಲೇಪಕ್ಕಿಂತ ತೆಳುವಾದ ಮೂರು ಲೇಪ ಒಳ್ಳೆಯದು. ಪ್ರತಿಯೊಂದೂ ಪೂರ್ತಿ ಆರಬೇಕು. ಕೊನೆಯಲ್ಲಿ ಪಾರದರ್ಶಕ ಲೇಪ. ಬಣ್ಣದ ಸಂಕೇತಾಕ್ಷರವು ಬಾಗಿಲ ಚೌಕಟ್ಟಿನಲ್ಲಿ ಅಥವಾ ಬಾನೆಟ್ಟಿನ ಕೆಳಗಿನ ಪಟ್ಟಿಯಲ್ಲಿರುವುದುಂಟು. ಸಿಗದಿದ್ದರೆ ಚಾಸಿ ನಂಬರು ಹೇಳಿ ಗಾಡಿ ಮಾರಿದವರನ್ನು ವಿಚಾರಿಸಬಹುದು. ಬಿಸಿಲಿಗೆ ಮಾಸಿದ ಹಳೆಯ ಗಾಡಿಗೆ ಹೊಸ ಬಣ್ಣ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದದು. ಇಲ್ಲಿ ಅಂದಕ್ಕಿಂತ ರಕ್ಷಣೆ ಮುಖ್ಯ. ಪ್ಲಾಸ್ಟಿಕ್ಕಿನ ಬಂಪರು ತುಕ್ಕು ಹಿಡಿಯುವುದಿಲ್ಲವಾದ್ದರಿಂದ ಅದು ಕಾಯಬಲ್ಲದು.

ಕಾಲದೇಶಗಳನ್ನೂ ನೋಡಬೇಕು. ನಮ್ಮ ಬೇಸಗೆ 40 ಡಿಗ್ರಿಯನ್ನು ಮೀರುವುದು. ಬಿಸಿಲಿಗೆ ಕಾದ ತಗಡಿನ ಮೇಲೆ ಪಾಲಿಶ್ ಹಚ್ಚಿದ ಕ್ಷಣವೇ ಒಣಗಿ ಕಲೆಯಾಗುತ್ತದೆ. ಮಳೆಗಾಲದಲ್ಲಿ ತೇವ ಕಾಡುತ್ತದೆ. ದೀಪಾವಳಿಯಿಂದ ಸಂಕ್ರಾಂತಿಯವರೆಗಿನ ದಿನಗಳಲ್ಲಿ, ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮೊದಲು, ನೆರಳಿನಲ್ಲಿ ಕೆಲಸ ಮಾಡುವುದು ಉತ್ತಮ. ಅಂಗಳಕ್ಕೆ ಮೊದಲೇ ನೀರು ಚಿಮುಕಿಸಿದರೆ ಧೂಳೇಳುವುದಿಲ್ಲ. ತೊಗರಿ ರಾಶಿಯ ಹೊಟ್ಟು ಹಾರುವ ಕಣದ ಸಮೀಪ ಬೇಡ. ಬಣ್ಣ, ಸ್ಪಿರಿಟ್ಟುಗಳನ್ನು ಮಕ್ಕಳಿಂದಲೂ ಬೆಂಕಿಯಿಂದಲೂ ದೂರವಿಟ್ಟು, ಗಾಳಿಯಾಡುವಲ್ಲಿಯೇ ಬಳಸತಕ್ಕದ್ದು.

ಲೇಪವು ಪೊರೆಯಂತೆ ಏಳುತ್ತಿದ್ದರೆ, ತಗಡು ನೆಗ್ಗಿದ್ದರೆ, ಅಥವಾ ತುಕ್ಕು ರಂಧ್ರ ಕೊರೆದಿದ್ದರೆ ಅದು ಕುಶಲ ಕೆಲಸಗಾರರ ವಿಷಯ. ಅಲ್ಲಿ ಹಣ ಉಳಿಸಹೋದರೆ ಹಣವೇ ಹೋಗುವುದು. ಉಳಿದಂತೆ, ನಾಳೆ ಬೆಳಗ್ಗೆ ಒರೆಸುವ ಬಟ್ಟೆಯನ್ನು ಕೈಗೆತ್ತಿಕೊಳ್ಳುವ ಮೊದಲು ಗಾಡಿಯ ಮೇಲೆ ಒಂದೆರಡು ಕೊಡ ನೀರು ಸುರಿಯಿರಿ. ನೀರಿಗೆ ಬರವಿರುವ ದಿನಗಳಲ್ಲಿ ಧೂಳನ್ನು ಇದ್ದಂತೆಯೇ ಬಿಡಿರಿ. ಕೂತ ಧೂಳಿಗಿಂತ ಎಳೆದ ಬಟ್ಟೆಯೇ ಬಣ್ಣಕ್ಕೆ ಹೆಚ್ಚು ಕೇಡು.