ಡಬ್ಬಿಯ ಮೇಲೆ ಅಡುಗೆಯ ಹೊತ್ತು ಬರೆದಿರಲಿ

ಜನವರಿಯ ದೆಹಲಿಯಲ್ಲಿ ರುಬ್ಬಿಟ್ಟ ಇಡ್ಲಿ ಹಿಟ್ಟು ಮರುದಿನವೂ ಉಬ್ಬದೆ ಕೂತಿರುತ್ತದೆ. ಮೇ ತಿಂಗಳ ಚೆನ್ನೈಯಲ್ಲಿ ಅದೇ ಹಿಟ್ಟು ಬೆಳಗಾಗುವುದರೊಳಗೆ ಹುಳಿಯಾಗಿ ಪಾತ್ರೆಯಿಂದ ಹೊರಗೆ ಬಂದಿರುತ್ತದೆ. ಊರು ಬಿಟ್ಟವರಿಗೆಲ್ಲ ಇದು ಗೊತ್ತು. ಅಕ್ಕಿ, ಉದ್ದಿನಲ್ಲಿ ಆಹಾರವಿದೆ, ನೀರೂ ಇದೆ. ಬ್ಯಾಕ್ಟೀರಿಯಾ ಬೆಳೆಯಲು ಇನ್ನು ಬೇಕಾದದ್ದು ಬೆಚ್ಚನೆಯ ಹವೆ ಮತ್ತು ಒಂದಿಷ್ಟು ಹೊತ್ತು. ಹಿಟ್ಟಿನಲ್ಲಿ ಬೆಳೆಯುವ ಲ್ಯೂಕೊನೊಸ್ಟಾಕ್‌ನಂಥವು ಹುಳಿ ಹುಟ್ಟಿಸಿ, ಕೆಡುಕಿನ ಜಾತಿಗಳನ್ನು ದೂರ ಇಡುತ್ತವೆ. ಟಿಫಿನ್ ಡಬ್ಬಿಯೊಳಗಿನ ಬಿಳಿ ಅನ್ನಕ್ಕೆ ಆ ಕಾವಲಿಲ್ಲ.

ಪುಣೆ, ಹೈದರಾಬಾದ್, ಮುಂಬೈಗಳಲ್ಲಿ ಪಿ.ಜಿ.ಯಲ್ಲೋ ಬಾಡಿಗೆ ಕೋಣೆಯಲ್ಲೋ ಇರುವ ನಮ್ಮ ಹುಡುಗ ಹುಡುಗಿಯರಲ್ಲಿ ಎಷ್ಟೋ ಮಂದಿಗೆ ತಿಂಗಳ ಲೆಕ್ಕದ ಡಬ್ಬಿಯೇ ಗತಿ. ಬೆಳಗ್ಗೆ 7ಕ್ಕೆ ಬೆಂದ ಅನ್ನ 9ಕ್ಕೆ ಡಬ್ಬಿ ಸೇರಿ, 11ಕ್ಕೆ ಆಫೀಸಿನ ಸೆಕ್ಯುರಿಟಿ ಮೇಜಿಗೆ ಬಂದು, ಮೀಟಿಂಗ್ ಮುಗಿದ ಮೇಲೆ 2ಕ್ಕೆ ಬಾಯಿಗೆ ಬೀಳುತ್ತದೆ. ಮಿಕ್ಕಿದ್ದು ರಾತ್ರಿಗೆ. ಆಹಾರ ಸುರಕ್ಷತೆಯವರು ಸ್ಥೂಲವಾಗಿ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣತೆಯನ್ನು ಅಪಾಯದ ವಲಯ ಎನ್ನುತ್ತಾರೆ. ನಮ್ಮ ಡಬ್ಬಿ ದಿನದ ಹೆಚ್ಚಿನ ಹೊತ್ತು ಕಳೆಯುವುದು ಅಲ್ಲಿಯೇ. ಎಲ್ಲವೂ ಅನುಕೂಲವಾಗಿದ್ದರೆ ಇ. ಕೋಲಿ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಒಂದೇ ಒಂದು ಕೋಶ, ಎಂಟು ಗಂಟೆ ಕಳೆಯುವಷ್ಟರಲ್ಲಿ 1 ಕೋಟಿ 60 ಲಕ್ಷ ದಾಟುತ್ತದೆ.

ಮೈಕ್ರೋವೇವ್‌ನಲ್ಲಿ ಎರಡು ನಿಮಿಷ ಇಟ್ಟರಾಯಿತು ಎನ್ನುವವರು ಬಹಳ. ಅನ್ನದ ವಿಷಯದಲ್ಲಿ ಈ ಧೈರ್ಯ ಸಲ್ಲದು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿಯುವ ನೀರಿನಲ್ಲೂ ಬದುಕಿ ಉಳಿಯಬಲ್ಲವು. ಅನ್ನ ಆರುತ್ತಾ ಉಗುರುಬೆಚ್ಚಗಾದಾಗ ಮೊಳೆತು ಬೆಳೆಯುತ್ತವೆ. ಅದರ ವಾಂತಿ ತರಿಸುವ ವಿಷವಂತೂ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ವಾಸನೆಯಿಂದ ಪತ್ತೆಯಾಗುತ್ತದೆ ಎಂಬ ಖಾತ್ರಿಯೂ ಇಲ್ಲ.

ಅಜ್ಜಿಯಂದಿರಿಗೆ ಬ್ಯಾಕ್ಟೀರಿಯಾದ ಹೆಸರು ಗೊತ್ತಿರಲಿಲ್ಲ, ಬುತ್ತಿಯ ಲೆಕ್ಕ ಗೊತ್ತಿತ್ತು. ದೂರ ಪ್ರಯಾಣಕ್ಕೆ ಕೊಡುತ್ತಿದ್ದದ್ದು ಹುಣಸೆ ಹಾಕಿದ ಪುಳಿಯೋಗರೆ, ನೀರಿನಂಶವಿಲ್ಲದ ಚಟ್ನಿಪುಡಿ, ಉಪ್ಪಿನಲ್ಲಿ ಮುಳುಗಿದ ಉಪ್ಪಿನಕಾಯಿ. ಹಸಿ ಕಾಯಿಚಟ್ನಿಯನ್ನು ಯಾರೂ ಕಟ್ಟಿಕೊಡುತ್ತಿರಲಿಲ್ಲ. ಈಗಿನ ಡಬ್ಬಿಯಲ್ಲಿ ಅದೂ ಬರುತ್ತದೆ, ಸಣ್ಣ ಪ್ಲಾಸ್ಟಿಕ್ ಪೊಟ್ಟಣದಲ್ಲಿ.

ಹಾಗೆಂದು ಡಬ್ಬಿ ಕೊಡುವವರ ಮೇಲೆ ಹರಿಹಾಯುವುದು ನ್ಯಾಯವಲ್ಲ. ಹೆಚ್ಚಿನವರು ಎರಡು ಒಲೆ ಇಟ್ಟುಕೊಂಡು ಸಂಸಾರ ತೂಗಿಸುವ ಹೆಣ್ಣುಮಕ್ಕಳು. ಅವರಿಂದ ಶೀತಲ ವಾಹನ ಕೇಳಲಾಗದು. ಅಡುಗೆ ಇಳಿಸಿದ ಹೊತ್ತನ್ನು ಡಬ್ಬಿಯ ಮೇಲೊಂದು ಚೀಟಿಯಲ್ಲಿ ಬರೆಯಿರಿ ಎಂದು ಕೇಳಬಹುದು. ಬಿಡಿಯಾಗಿ ಮಾರುವ ಸಿಹಿತಿಂಡಿಯನ್ನು ಎಂದಿನೊಳಗೆ ತಿನ್ನಬೇಕೆಂದು ಅಂಗಡಿಯವರು ಬರೆದಿಡಬೇಕು ಎಂಬ ನಿಯಮ 2020ರ ಅಕ್ಟೋಬರ್ 1ರಂದು ದೇಶದಲ್ಲಿ ಜಾರಿಗೆ ಬಂದಿತ್ತು. ಪೇಡೆಗೆ ಸಿಕ್ಕ ಮರ್ಯಾದೆ ಸಾರನ್ನಕ್ಕೂ ಸಿಗಲಿ. ಸರ್ಕಾರಕ್ಕೆ ಕಾಯಬೇಕಾಗಿಯೂ ಇಲ್ಲ. ಒಂದೇ ಮನೆಯಿಂದ ಹತ್ತು ಡಬ್ಬಿ ತರಿಸುವ ಪಿ.ಜಿ.ಯವರು ಒಟ್ಟಾಗಿ ಕೇಳಿದರೆ ಆ ಅಕ್ಕ ಇಲ್ಲ ಎನ್ನಲಾರರು. ಹೊರನಾಡಿನ ಕನ್ನಡ ಸಂಘಗಳು ಹೊಸದಾಗಿ ಬಂದವರಿಗೆ ಮನೆ ಹುಡುಕಿಕೊಡುವಾಗ ಹೊತ್ತು ಬರೆಯುವ ಡಬ್ಬಿಯವರ ಫೋನ್ ನಂಬರನ್ನೂ ಕೊಡಲಿ.

ಉಳಿದದ್ದು ತಿನ್ನುವವರ ಕೆಲಸ. ಅಡುಗೆಯಾದ ಎರಡು ಗಂಟೆಯೊಳಗೆ ಉಣ್ಣುವುದು ಆಗದಿದ್ದರೆ ಡಬ್ಬಿ ಬಂದ ಕೂಡಲೇ ಫ್ರಿಜ್ಜಿಗೆ ಹೋಗಲಿ. ಫ್ರಿಜ್ಜು ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ನಿಧಾನ ಮಾಡುತ್ತದೆ ಅಷ್ಟೆ; ಮೂರು ದಿನದ ಸಾಂಬಾರನ್ನು ಅದರ ಭರವಸೆಯಲ್ಲಿ ಇಡಬೇಡಿ. ನೀವೇ ಅನ್ನ ಮಾಡಿದ ದಿನ ಮಿಕ್ಕಿದ್ದನ್ನು ಕುಕ್ಕರಿನಲ್ಲೇ ಬಿಡದೆ ಅಗಲ ತಟ್ಟೆಯಲ್ಲಿ ತೆಳ್ಳಗೆ ಹರವಿ, ಆರಿದ ಕೂಡಲೇ ಒಳಗಿಡಿ. ಕುಕ್ಕರಿನ ನಡುವಿನ ಅನ್ನ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ.