ಭಕ್ತಿ ಬರಲ್ಲ ಅನ್ನೋರಿಗೆ

‘ದೇವರ ಮುಂದೆ ನಿಂತರೆ ನಂಗೇನೂ ಅನ್ಸಲ್ಲ ಕಣೋ. ಸುಮ್ನೆ ಕೈ ಮುಗಿದರೆ ಅದು ನಾಟಕ ಆಗಲ್ವಾ?’ ನಮ್ಮ ವಯಸ್ಸಿನವರ ಬಾಯಲ್ಲಿ ಈ ಮಾತನ್ನು ಬಹಳ ಸಲ ಕೇಳಿದ್ದೇನೆ. ಭಕ್ತಿ ಅಂದ್ರೆ ಕಣ್ಣೀರು, ರೋಮಾಂಚನ. ಅದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಅಂತ ನಾವೆಲ್ಲ ಅಂದುಕೊಂಡಿದ್ದೇವೆ.

ಭಾಗವತದ ಏಳನೇ ಸ್ಕಂಧ ಬೇರೆಯದನ್ನೇ ಹೇಳುತ್ತೆ. ಹಿರಣ್ಯಕಶಿಪು ಮಗನನ್ನು ತೊಡೆ ಮೇಲೆ ಕೂರಿಸಿಕೊಂಡು, ಕಲಿತದ್ದರಲ್ಲಿ ಒಳ್ಳೆಯದನ್ನು ಹೇಳು ಅಂತಾನೆ. ಪ್ರಹ್ಲಾದ ಒಂಬತ್ತು ಬಗೆಯ ಭಕ್ತಿಯನ್ನು ಹೇಳುತ್ತಾನೆ: ಶ್ರವಣ, ಕೀರ್ತನ, ಸ್ಮರಣ, ಪಾದಸೇವನ, ಅರ್ಚನ, ವಂದನ, ದಾಸ್ಯ, ಸಖ್ಯ, ಆತ್ಮನಿವೇದನ.

ಈ ಪಟ್ಟಿಯನ್ನು ನಿಧಾನವಾಗಿ ನೋಡಿ. ಕೇಳೋದು, ಹಾಡೋದು, ನೆನೆಯೋದು, ಸೇವೆ ಮಾಡೋದು, ಪೂಜಿಸೋದು, ನಮಸ್ಕರಿಸೋದು. ಮೊದಲ ಆರೂ ನಾವು ಮಾಡಬಹುದಾದ ಕೆಲಸಗಳು. ಸೇವಕನಂತೆ, ಗೆಳೆಯನಂತೆ ಇರೋದು ಆಮೇಲಿನ ಮಾತು. ತನ್ನನ್ನೇ ಒಪ್ಪಿಸಿಬಿಡೋದು ಕಟ್ಟಕಡೆಗೆ. ಏನಾದರೂ ಅನ್ನಿಸಲೇಬೇಕು ಅನ್ನೋ ಷರತ್ತು ಇಲ್ಲಿಲ್ಲ.

ಒಂದೊಂದಕ್ಕೂ ಹಿರಿಯರು ಒಬ್ಬೊಬ್ಬರನ್ನು ಉದಾಹರಣೆ ಕೊಡುತ್ತಾರೆ. ಶ್ರವಣಕ್ಕೆ ಪರೀಕ್ಷಿತ. ಸಾವಿಗೆ ಏಳೇ ದಿನ ಉಳಿದಿದೆ ಅಂತ ಗೊತ್ತಾದ ಮೇಲೆ ಅವನು ಗಂಗೆಯ ದಡದಲ್ಲಿ ಕೂತು ಶುಕಮುನಿಯಿಂದ ಭಾಗವತ ಕೇಳಿದ. ಸಖ್ಯಕ್ಕೆ ಅರ್ಜುನ. ರಣರಂಗದಲ್ಲಿ ನಿಂತು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದವನು. ಅಂದ್ರೆ ಅನುಮಾನ ಇರೋರಿಗೂ ಇಲ್ಲಿ ಜಾಗ ಇದೆ.

ಅಪ್ಪ ತೀರಿಕೊಂಡ ಮೇಲೆ ಸಂಜೆ ದೇವರ ದೀಪ ಹಚ್ಚೋ ಕೆಲಸ ನನ್ನ ಪಾಲಿಗೆ ಬಂತು. ನನಗೆ ದೇವರ ಮೇಲೆ ವಿಪರೀತ ಸಿಟ್ಟಿತ್ತು. ಆದರೂ ಬತ್ತಿ ಹೊಸೆದೆ, ಎಣ್ಣೆ ಹಾಕಿದೆ, ಹಚ್ಚಿದೆ. ಎಷ್ಟೋ ತಿಂಗಳು ಏನೂ ಅನ್ನಿಸಲಿಲ್ಲ. ಆದರೆ ಆ ಐದು ನಿಮಿಷ ಕೈಯಲ್ಲಿ ಫೋನ್ ಇರುತ್ತಿರಲಿಲ್ಲ, ಅಮ್ಮ ಪಕ್ಕದಲ್ಲಿ ಕೂತಿರುತ್ತಿದ್ದಳು. ಸಿಟ್ಟು ಯಾವಾಗ ಇಳಿಯಿತೋ ಗೊತ್ತಿಲ್ಲ. ಇಳಿಯೋವರೆಗೆ ಕಾಯ್ತಾ ಕೂತಿದ್ದರೆ ದೀಪ ಹಚ್ಚುತ್ತಲೇ ಇರಲಿಲ್ಲ ಅನ್ನೋದು ಮಾತ್ರ ಗೊತ್ತು.

ಇನ್ನು ವೀಸಾಕ್ಕೆ, ಪ್ರಮೋಷನ್‌ಗೆ ಹರಕೆ ಹೊರುವವರನ್ನು ನೋಡಿ ನಗುವವರೂ ಇದ್ದಾರೆ. ಗೀತೆಯ ಏಳನೇ ಅಧ್ಯಾಯದಲ್ಲಿ ಕೃಷ್ಣ ನಗುವುದಿಲ್ಲ. ಕಷ್ಟದಲ್ಲಿರುವವನು, ತಿಳಿಯಬೇಕೆನ್ನುವವನು, ಏನನ್ನೋ ಬೇಡುವವನು, ಜ್ಞಾನಿ ಹೀಗೆ ನಾಲ್ಕು ಥರದ ಭಕ್ತರನ್ನು ಹೇಳಿ, ಎಲ್ಲರೂ ಒಳ್ಳೆಯವರೇ ಅಂತಾನೆ. ಜ್ಞಾನಿ ತನಗೆ ಹೆಚ್ಚು ಹತ್ತಿರ ಅನ್ನುತ್ತಾನೆ, ಆದರೆ ಉಳಿದವರನ್ನು ಹೊರಗೆ ಕಳಿಸಲ್ಲ.

ಸಂಸ್ಕೃತ ಬರಲ್ಲ ಅನ್ನೋದೂ ನೆಪ ಆಗಲ್ಲ. ಪುರಂದರದಾಸರು, ಕನಕದಾಸರು ಕೀರ್ತನೆಗಳನ್ನು ನಮ್ಮ ಮಾತಲ್ಲೇ ಕೊಟ್ಟುಹೋಗಿದ್ದಾರೆ. ಆಫೀಸಿನ ದಾರಿಯಲ್ಲಿ, ಇಯರ್‌ಫೋನ್‌ನಲ್ಲಿ ದಿನಕ್ಕೊಂದು ಹಾಡು ಸಾಕು. ಹಾಡೋಕೆ ಬರಲ್ವಾ? ಪರವಾಗಿಲ್ಲ, ಕೇಳಿ. ಪ್ರಹ್ಲಾದನ ಪಟ್ಟಿ ಶುರುವಾಗೋದೇ ಅಲ್ಲಿಂದ.