ಮಾರುವವರ ಪಾಠಶಾಲೆ

ಕಾರ್ತಿಕ ಸೋಮವಾರದಂದು ಶ್ರೀಕಂಠೇಶ್ವರನ ದರ್ಶನ ಮುಗಿಸಿ ಹೊರಬಂದಾಗ, ನಂಜನಗೂಡಿನ ಪರಿಚಿತ ಭಕ್ತರೊಬ್ಬರು ತಮ್ಮ ಕಾರು ಮಾರಾಟ ಮಳಿಗೆಗೆ ಕರೆದೊಯ್ದರು. ಅಲ್ಲಿ ಆರು ಮಂದಿ, ತಿ. ನರಸೀಪುರದ ಶಾಖೆಯಲ್ಲಿ ಮೂವರು ತರುಣರು ಅವರ ಬಳಿ ದುಡಿಯುತ್ತಾರೆ. “ಗುರುಗಳೇ, ಇವರನ್ನು ಮೈಸೂರಿನಲ್ಲಿ ಎರಡು ದಿನದ ತರಬೇತಿ ಶಿಬಿರಕ್ಕೆ ಕಳಿಸಲೋ, ಮೊಬೈಲಿನಲ್ಲಿ ನೋಡುವ ಪಾಠಗಳನ್ನು ಕೊಡಿಸಲೋ? ತಾವು ಪಾಠ ಹೇಳಿದವರು” ಎಂದರು. ಕಾರಿನ ಬಗೆಗೆ ನನ್ನ ಜ್ಞಾನ ಹಿಂದಿನ ಆಸನದಲ್ಲಿ ಕುಳಿತುಕೊಳ್ಳುವಷ್ಟೇ. ಆದರೂ ಕಲಿಕೆಯ ಪ್ರಶ್ನೆಯಾದುದರಿಂದ ಮಧ್ಯಾಹ್ನದವರೆಗೆ ಅಲ್ಲಿಯೇ ಕುಳಿತು ನೋಡಿದೆನು.

ಅಳಗಂಚಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹಾಕುವ ರೈತರೊಬ್ಬರು ಪತ್ನಿಯೊಡನೆ ಬಂದರು. ತರುಣನೊಬ್ಬ ಕಾರಿನ ಗುಣಗಳನ್ನು ಅರಳು ಹುರಿದಂತೆ ವರ್ಣಿಸಿದನು. “ಆರು ಲಕ್ಷ ಸಾಲ ಮಾಡುದ್ರೆ ತಿಂಗಳಿಗೆ ಎಷ್ಟಪ್ಪಾ?” ಎಂದು ರೈತರು ಕೇಳಿದರು. “ಐದು ವರ್ಷಕ್ಕೆ 12,455 ರೂಪಾಯಿ ಸಾರ್. ಏಳು ವರ್ಷಕ್ಕಾದರೆ 9,653 ಮಾತ್ರ.” ಶೇ. 9ರ ಬಡ್ಡಿಗೆ ಲೆಕ್ಕ ಸರಿಯೇ. ಆದರೆ ಏಳು ವರ್ಷಕ್ಕೆ ಒಟ್ಟು ಬಡ್ಡಿ ಸುಮಾರು 63,500 ರೂಪಾಯಿ ಹೆಚ್ಚಾಗುವುದೆಂದು ಅವನು ಹೇಳಲಿಲ್ಲ. ಕಬ್ಬಿನ ಹಣ ಕೈಸೇರುವುದು ಯಾವಾಗ ಎಂದು ಕೇಳಲೂ ಇಲ್ಲ. ಆ ತಾಯಿ ಪತಿಯ ಮುಖ ನೋಡಿದರು. “ಆಮೇಲೆ ಬತ್ತೀವಿ” ಎಂದು ಇಬ್ಬರೂ ಎದ್ದರು.

ಹುಡುಗನನ್ನು ಹತ್ತಿರ ಕರೆದು ವಿಚಾರಿಸಿದೆನು. ಅವನು ಮುಚ್ಚಿಟ್ಟವನಲ್ಲ, ಅರಿಯದವನು. ಹಿಂದಿನ ವರ್ಷ ಎರಡು ದಿನದ ಶಿಬಿರಕ್ಕೆ ಹೋಗಿದ್ದನಂತೆ. ಏನು ಕಲಿತೆಯಪ್ಪ ಎಂದರೆ, ನಾಚಿಕೊಂಡು, ಊಟ ಚೆನ್ನಾಗಿತ್ತು ಎಂದನು! ಅವನನ್ನು ದೂರಿ ಫಲವಿಲ್ಲ. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸನು ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಕಂಠಪಾಠ ಮಾಡಿ ಪರೀಕ್ಷಿಸಿ, ಮರೆವು ಮೊದಲ ದಿನದಲ್ಲಿಯೇ ಅತ್ಯಂತ ವೇಗವಾಗಿ ನಡೆಯುವುದೆಂದು 1885ರಲ್ಲಿ ಪ್ರಕಟಿಸಿದನು. ಮಠದಲ್ಲಿ ನಮಗೆ ಇದನ್ನು ಯಾರೂ ಹೇಳಿರಲಿಲ್ಲ. ನಿನ್ನೆಯ ಪಾಠ ಒಪ್ಪಿಸದೆ ಇಂದಿನದು ದೊರೆಯುತ್ತಿರಲಿಲ್ಲ, ಅಷ್ಟೇ. ಹಿರಿಯ ವಿದ್ಯಾರ್ಥಿ ಕಿರಿಯನಿಗೆ ಹೇಳಿಕೊಡಬೇಕಾಗಿತ್ತು. ನನ್ನ ವ್ಯಾಕರಣ ಗಟ್ಟಿಯಾದದ್ದು ಹಾಗೆ ಹೇಳಿಕೊಡುವಾಗಲೇ.

ಆದುದರಿಂದ ಶಿಬಿರವೋ ಮೊಬೈಲೋ ಎಂಬುದಕ್ಕಿಂತ ಮೊದಲು, ಕಲಿಸಬೇಕಾದುದು ಏನು ಎಂದು ಕೇಳಿಕೊಳ್ಳಬೇಕೆಂದೆನು. 2025ರ ಸೆಪ್ಟೆಂಬರ್ 22ರಂದು ಸಣ್ಣ ಕಾರುಗಳ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿಯಿತು. ಇಂತಹ ಸಮಾಚಾರಕ್ಕೆ ಶಿಬಿರವೇಕೆ? ಮೊಬೈಲಿನ ಹತ್ತು ನಿಮಿಷದ ಪಾಠ ಧಾರಾಳ. ಸಾಲದ ಕರಾರು, ವಿಮೆಯ ನಿಯಮಗಳಿಗೆ ತಿಳಿದವರನ್ನು ಮಳಿಗೆಗೇ ಕರೆಸಿ ಅರ್ಧ ದಿನ ಪಾಠ ಹೇಳಿಸಿದರೆ ಒಳ್ಳೆಯದು. ಪ್ರಶ್ನೆ ಕೇಳಲು ಎದುರಿಗೆ ಮನುಷ್ಯರಿರಬೇಕು. ಎಲ್ಲರನ್ನೂ ಒಮ್ಮೆಲೇ ಮೈಸೂರಿಗೆ ಅಟ್ಟಿದರೆ ಎರಡೂ ಕಡೆ ಬಾಗಿಲು ಮುಚ್ಚಬೇಕಾದೀತು.

ಗ್ರಾಹಕರೊಡನೆ ಮಾತನಾಡುವ ಬಗೆ ಮಾತ್ರ ಇವೆರಡರಿಂದಲೂ ಬರುವುದಿಲ್ಲ. ಅದಕ್ಕೆ ಪ್ರತಿದಿನ ಬೆಳಿಗ್ಗೆ ಬಾಗಿಲು ತೆರೆಯುವ ಮುನ್ನ ಕಾಲು ಗಂಟೆ ಒಬ್ಬ ಕೊಳ್ಳುವವನಾಗಿ, ಇನ್ನೊಬ್ಬ ಮಾರುವವನಾಗಿ ಅಭ್ಯಾಸ ಮಾಡಲಿ. ಉಳಿದವರು ತಪ್ಪನ್ನು ತಿದ್ದಲಿ. ಹೊಸಬರು ಅನುಭವಿಗಳ ಜೊತೆ ಕೂತು ಕೇಳಲಿ, ಅನಂತರ ಅನುಭವಿಗಳು ಹೊಸಬರ ಜೊತೆ ಕೂತು ಕೇಳಲಿ. ನರಸೀಪುರದ ಮೂವರಲ್ಲಿ ಅನುಭವಿಗಳು ಯಾರೂ ಇಲ್ಲವಾದುದರಿಂದ ವಾರಕ್ಕೊಂದು ದಿನ ಇಲ್ಲಿಂದ ಒಬ್ಬರು ಅಲ್ಲಿಗೆ ಹೋಗಬೇಕು.

“ಫಲ ತಿಳಿಯುವುದು ಹೇಗೆ, ಮಾರಾಟದ ಸಂಖ್ಯೆಯಿಂದಲೇ?” ಎಂದರು. ಅದೊಂದೇ ಸಾಲದು, ಮುಂಗಡ ಕೊಟ್ಟು ಹಿಂದಕ್ಕೆ ಕೇಳಿದವರೆಷ್ಟು ಮಂದಿ ಎಂಬುದನ್ನೂ ಬರೆದಿಡಿ ಎಂದೆನು.

ಮೊನ್ನೆ ದೂರವಾಣಿಯಲ್ಲಿ ಮಾತನಾಡಿದರು. ಬೆಳಗಿನ ಅಭ್ಯಾಸ ಆರಂಭವಾಗಿದೆ. ಆ ತರುಣನೇ ಈಗ ಐದು ಮತ್ತು ಏಳು ವರ್ಷಗಳ ಬಡ್ಡಿಯನ್ನು ಒಂದೇ ಹಾಳೆಯ ಮೇಲೆ ಅಕ್ಕಪಕ್ಕ ಬರೆದು ತೋರಿಸುತ್ತಾನಂತೆ. ರೈತ ದಂಪತಿಗಳು ಇನ್ನೂ ಮರಳಿ ಬಂದಿಲ್ಲ. ಅವರ ಊರಿಗೇ ಹೋಗಿ ಆ ಹಾಳೆಯನ್ನು ಕೊಟ್ಟು ಬರುತ್ತೇನೆಂದು ಅವನು ರಜೆ ಕೇಳಿದ್ದಾನಂತೆ.